ಸದ್ದಿಲ್ಲದ ಕೆಮ್ಮು

"ನಗಬೇಡಿ!"

ಕ್ಯಾಮೆರಾದ ಹಿಂದಿನಿಂದ ಅವಳು ಗದರಿದಳು. ಸ್ಟೂಲಿನ ಮೇಲೆ ಕೂತಿದ್ದವನು ತಕ್ಷಣ ಹುಬ್ಬು ಗಂಟಿಕ್ಕಿಕೊಂಡ.

"ಸಿಟ್ಟೂ ಮಾಡ್ಕೋಬೇಡಿ. ಬಾಯಿ ಮುಚ್ಕೊಂಡು ಸುಮ್ನೆ ಮುಂದೆ ನೋಡಿ."

"ಸುಮ್ನೆ ನೋಡೋದು ಹೇಗೆ? ಮುಂದೆ ನೀವಿದ್ದೀರಲ್ಲ!"

ಅವಳ ಬೆರಳು ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಎಷ್ಟು ಧೈರ್ಯ ಇವನಿಗೆ! ಹೊರದೇಶದವನು ಬೇರೆ. ನಮ್ಮ ಮಾತು ಅವನ ನಾಲಿಗೆಯ ಮೇಲೆ ಇನ್ನೂ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಆದರೂ ಬೇಕಾದಲ್ಲಿಗೆ ಸರಿಯಾಗಿಯೇ ಬಂದು ಮುಟ್ಟಿತ್ತು.

ಅವನು ಲಿಫ್ಟ್ ರಿಪೇರಿಯವನು. ಕೆಲಸದ ಪರವಾನಗಿಗೆ ಫೋಟೊ ತೆಗೆಸಲು ಅವಳ ಸ್ಟುಡಿಯೋಗೆ ಬಂದಿದ್ದ. ಅಂಥ ಫೋಟೊದ ನಿಯಮಗಳನ್ನು ಬರೆದವರು ಜನ್ಮದಲ್ಲಿ ಯಾರನ್ನೂ ಪ್ರೀತಿಸಿರಲಿಕ್ಕಿಲ್ಲ. ಹಲ್ಲು ಕಾಣಬಾರದು, ಕಿವಿ ಕಾಣಬೇಕು, ಹಿಂದೆ ನೆರಳು ಬೀಳಬಾರದು. ಅವನೋ, ತುಟಿ ಬಿಗಿದರೆ ಕಣ್ಣಲ್ಲಿ ನಗುತ್ತಿದ್ದ.

"ಹೀಗೆ ಮಾಡಿದ್ರೆ ನಾಳೆನೂ ಬರ್ಬೇಕಾಗತ್ತೆ ನೋಡಿ!"

"ಬರ್ತೀನಿ."

ಬಂದ. ನಾಳೆಯೂ ಬಂದ, ನಾಡಿದ್ದೂ ಬಂದ. ಫೋಟೊದ ಕೆಲಸ ಮುಗಿದ ಮೇಲೂ ಬಂದ. ಬೀದಿಯಲ್ಲಿ ಯಾವ ಲಿಫ್ಟು ಕೆಟ್ಟರೂ ಜನ ಮೊದಲು ಸ್ಟುಡಿಯೋ ಬಾಗಿಲಿಗೆ ಬಂದು ಇಣುಕತೊಡಗಿದರು. ಇನ್ನು ಮುಚ್ಚಿಡುವುದು ಏನಿತ್ತು?

ಅವಳ ಅಮ್ಮ ಮಾತ್ರ ಒಪ್ಪಲು ಕಾಲ ತೆಗೆದುಕೊಂಡರು. "ಹೊರಗಿನವನು ಕಣೇ. ನಾಳೆ ಎದ್ದು ಹೊರಟ್ರೆ ನೀನೇನು ಮಾಡ್ತೀಯ?" ಆಮೇಲೆ ಒಂದು ದಿನ ಅವರ ಮನೆಯ ನೀರಿನ ಮೋಟಾರು ಕೆಟ್ಟಿತು. ಅವನು ಬಂದು ರಿಪೇರಿ ಮಾಡಿ, ಕೈ ತೊಳೆದು, ಟೀ ಕುಡಿದು ಹೋದ. ಅಂದಿನಿಂದ ಅಮ್ಮನ ಬಾಯಲ್ಲಿ ಅವನು 'ಲಿಫ್ಟಿನ ಅಳಿಯ' ಆದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬಿದ್ದು ಮದುವೆಯೂ ಆಯಿತು.

ಎರಡು ವರ್ಷ... ಸುಖ ಎಂದರೆ ಅದೇ ಇರಬೇಕು.

ಆದರೆ ಅಮ್ಮ ಹೆದರಿದ್ದ ಆ 'ನಾಳೆ' ಬಂದೇ ಬಂತು. ಅವನ ಕಂಪನಿ ಇಲ್ಲಿನ ಕಚೇರಿ ಮುಚ್ಚಿತು. ಕೆಲಸ ಇಲ್ಲದವನಿಗೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದವನಿಗೆ ಇರಲು ಜಾಗವಿಲ್ಲ.

ಹೊರಡುವ ದಿನ ಅವನ ಶರ್ಟಿನ ತೋಳು ಹಿಡಿದುಕೊಂಡು ಅವಳು ಬಿಕ್ಕಿದಳು. "ಇಲ್ಲೇ ಇದ್ದುಬಿಡೋಕೆ ಏನೂ ದಾರಿ ಇಲ್ವೇನ್ರೀ?"

"ಇಲ್ಲ. ನೀನೇ ನಮ್ಮ ದೇಶಕ್ಕೆ ಬಾ. ಹೋದ ತಕ್ಷಣ ನಿನ್ನ ವೀಸಾಗೆ ಫೈಲ್ ಹಾಕ್ತೀನಿ. ಬರ್ತೀಯ ತಾನೇ?"

ಅವಳು ತಲೆಯಾಡಿಸಿದಳು. ಬಾಯಿಬಿಟ್ಟು 'ಬರ್ತೀನಿ' ಎನ್ನಲಾಗಲಿಲ್ಲ. ಅದೊಂದು ಮಾತು ಅವನ ಮನಸ್ಸಿನಲ್ಲಿ ಬಾಕಿ ಉಳಿದುಬಿಟ್ಟಿತು ಎಂದು ಪಾಪ, ಅವಳಿಗೆ ಹೇಗೆ ತಿಳಿಯಬೇಕು!

ಶುರುವಾಯಿತು ನೋಡಿ ಕಾಗದದ ಕಾಟ.

ಮದುವೆಯಾಗಲು ಮೂವರು ಸಾಕ್ಷಿಗಳು ಸಾಕಾಗಿತ್ತು. ಮದುವೆಯಾಗಿದೆ ಎಂದು ನಂಬಿಸಲು ಊರೇ ಬೇಕಾಯಿತು. ಮದುವೆ ಸರ್ಟಿಫಿಕೇಟನ್ನು ಅವನ ಭಾಷೆಗೆ ಅನುವಾದ ಮಾಡಿಸಬೇಕು, ಮಾಡಿಸಿದ್ದಕ್ಕೆ ನೋಟರಿ ಮುದ್ರೆ ಬೇಕು, ಆ ಮುದ್ರೆ ಅಸಲಿ ಎನ್ನುವುದಕ್ಕೆ ಇನ್ನೊಂದು ಕಚೇರಿಯ ಮುದ್ರೆ. ಅವಳ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸ್ ಠಾಣೆಯಿಂದ ಪತ್ರ. ಇಬ್ಬರೂ ಜೊತೆಗಿರುವ ಫೋಟೊಗಳನ್ನೂ ಕೇಳಿದರು. ಊರಿನ ಫೋಟೊವೆಲ್ಲ ತೆಗೆದವಳ ಹತ್ತಿರ ಅದೇ ಇರಲಿಲ್ಲ! ಎಲ್ಲದರಲ್ಲೂ ಅವನೊಬ್ಬನೇ. ಅವಳು ಸದಾ ಕ್ಯಾಮೆರಾದ ಹಿಂದೆ. ಕೊನೆಗೆ ನೆಂಟರಿಷ್ಟರ ಫೋನುಗಳನ್ನೆಲ್ಲ ಜಾಲಾಡಿ ನಾಲ್ಕಾರು ಕಲೆಹಾಕಿದಳು.

ಎಲ್ಲ ಮುಗಿದ ಮೇಲೆ ಉಳಿದದ್ದು ಮೆಡಿಕಲ್ ಪರೀಕ್ಷೆ. ವೀಸಾ ಕಚೇರಿಯವರೇ ಗೊತ್ತುಮಾಡಿದ ಆಸ್ಪತ್ರೆ, ಅವರೇ ಗೊತ್ತುಮಾಡಿದ ಡಾಕ್ಟರು.

"ಅದೇನು, ರಕ್ತ ಕೊಟ್ಟು ಎಕ್ಸ್‌ರೇ ತೆಗೆಸ್ಕೊಂಡು ಬರೋದು ತಾನೇ?" ಎಂದ ಅವನು ಫೋನಿನಲ್ಲಿ.

"ಹೂಂ," ಎಂದಳು. ಎಕ್ಸ್‌ರೇ ಎಂಬ ಮಾತು ಕಿವಿಗೆ ಬಿದ್ದದ್ದೇ ವಿಷಯ ಬೇರೆ ಕಡೆ ತಿರುಗಿಸಿದಳು.

ಅಮ್ಮನೂ ಜೊತೆಗೆ ಬಂದರು. ಆಸ್ಪತ್ರೆಯ ಬಾಗಿಲಲ್ಲಿ ಕೈ ಹಿಡಿದು, "ಏನ್ ಕೇಳಿದ್ರೂ ಇಲ್ಲ ಅಂದ್ಬಿಡು," ಎಂದರು.

ನರ್ಸು ಒಂದೊಂದೇ ಪ್ರಶ್ನೆ ಓದಿದಳು. ಸಕ್ಕರೆ ಕಾಯಿಲೆ? ಇಲ್ಲ. ಮೂರ್ಛೆ? ಇಲ್ಲ.

"ಹಿಂದೆ ಯಾವತ್ತಾದ್ರೂ ಟಿಬಿ ಆಗಿತ್ತಾ?"

ಅಮ್ಮನ ಉಗುರು ಅಂಗೈಗೆ ಚುಚ್ಚಿತು.

"...ಇಲ್ಲ."

ಅರ್ಧ ಗಂಟೆಯೂ ಆಗಿರಲಿಲ್ಲ, ಡಾಕ್ಟರಮ್ಮ ಒಳಗೆ ಕರೆದರು. ದೀಪದ ಮುಂದೆ ಅವಳ ಎದೆಗೂಡು ಕಪ್ಪುಬಿಳುಪಾಗಿ ತೂಗುತ್ತಿತ್ತು. ಫೋಟೊದ ಕೆಲಸ ಮಾಡಿದವಳ ಕಣ್ಣಿಗೆ ಯಾರೂ ತೋರಿಸಿಕೊಡಬೇಕಾಗಲಿಲ್ಲ. ಮೇಲೆ, ಬಲಗಡೆ, ಮಸುಕಾದ ಒಂದು ಕಲೆ.

"ಇದು ಹಳೇ ಗಾಯದ ಹಾಗಿದೆ. ಇನ್ನೊಂದ್ಸಲ ಕೇಳ್ತೀನಿ. ಟಿಬಿ ಆಗಿತ್ತಾ?"

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ನೆಲ ನೋಡುತ್ತಿದ್ದರು.

"ಇಲ್ಲ ಡಾಕ್ಟ್ರೇ."

ಹಾಗೆಂದವಳ ನಿಜ ಏನು ಗೊತ್ತೇ? ಆಗ ಅವಳಿಗೆ ಹದಿನಾರು. ಅಕ್ಕನ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಇವಳ ಕರವಸ್ತ್ರದಲ್ಲಿ ರಕ್ತ ಕಂಡಿತು. ವಿಷಯ ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಮದುವೆ ಮುರಿದಂತೆಯೇ. "ಚಿಕ್ಕಮ್ಮನಿಗೆ ಸಹಾಯಕ್ಕೆ ಹೋಗಿದ್ದಾಳೆ" ಎಂದು ಎಲ್ಲರಿಗೂ ಹೇಳಿ, ಅಮ್ಮ ಅವಳನ್ನು ದೂರದ ಊರಿನಲ್ಲಿ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟರು. ಒಂದು ದಿನವೂ ತಪ್ಪದೆ ಮಾತ್ರೆ ನುಂಗಿಸಿದರು. ಕಾಯಿಲೆ ಪೂರ್ತಿ ವಾಸಿಯಾಯಿತು. ಆಮೇಲೆ ಅಮ್ಮ ಚೀಟಿ, ರಿಪೋರ್ಟು, ಖಾಲಿ ಡಬ್ಬಿಗಳನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟರು. ಅಕ್ಕ ಮದುವೆಯಾಗಿ ಹೋದಳು. ಆ ಕಾಯಿಲೆಯ ಹೆಸರು ಮತ್ತೆ ಆ ಮನೆಯಲ್ಲಿ ಕೇಳಲಿಲ್ಲ.

ಗಂಡನಿಗೂ ಅವಳು ಹೇಳಿರಲಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎಂಬ ಹೆದರಿಕೆ.

ಡಾಕ್ಟರಮ್ಮ ಬರೆದುಕೊಳ್ಳುತ್ತ ಹೇಳಿದರು, "ಸರಿ. ಮೂರು ದಿನ ಬೆಳಗ್ಗೆ ಖಾಲಿ ಹೊಟ್ಟೇಲಿ ಬಂದು ಕಫ ಕೊಡಿ. ಅದ್ರಲ್ಲಿ ಟಿಬಿ ಕ್ರಿಮಿ ಇದೆಯಾ ಅಂತ ಲ್ಯಾಬಲ್ಲಿ ಬೆಳೆಸಿ ನೋಡ್ತಾರೆ. ಎರಡು ತಿಂಗಳು ಹಿಡಿಯತ್ತೆ. ಅಲ್ಲೀವರೆಗೆ ಫೈಲು ಮುಂದೆ ಹೋಗಲ್ಲ."

ಅಂದು ಅವನ ಊಟದ ಬಿಡುವಿನಲ್ಲಿ ಫೋನ್ ಬಂತು. "ಮೆಡಿಕಲ್ ಆಯ್ತಾ?"

"ಇಲ್ಲ ಕಣ್ರೀ... ಎಕ್ಸ್‌ರೇ ಮೆಷಿನ್ ಕೆಟ್ಟಿದೆಯಂತೆ."

ಸುಳ್ಳು ಹೇಳುವುದಿದ್ದರೂ ರಿಪೇರಿಯವನ ಹತ್ತಿರ ಮೆಷಿನಿನ ಸುಳ್ಳು ಹೇಳಬಾರದು. ಅಷ್ಟು ಬುದ್ಧಿ ಅವಳಿಗೆ ಆ ಗಳಿಗೆಯಲ್ಲಿ ಓಡಲಿಲ್ಲ.

ಆಸ್ಪತ್ರೆಯ ಹಿಂದೆ, ಮೂರು ಕಡೆ ಗೋಡೆ, ಒಂದು ಕಡೆ ಬಯಲಾಗಿರುವ ಒಂದು ಶೆಡ್ಡು. ಸುತ್ತ ಹಳದಿ ಹಗ್ಗ. ಅದರಾಚೆ ಯಾರೂ ಬರುವಂತಿಲ್ಲ. ಒಳಗೆ ಒಬ್ಬರೇ ನಿಂತು, ಎದೆಯ ಆಳದಿಂದ ಕೆಮ್ಮಿ, ಡಬ್ಬಿಗೆ ಕಫ ತೆಗೆಯಬೇಕು.

ಮೊದಲ ದಿನ ನರ್ಸು ಡಬ್ಬಿಯನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸಿದಳು. "ಇದು ಎಂಜಲು ಕಣಮ್ಮ. ಕಫ ಬೇಕು. ಜೋರಾಗಿ ಕೆಮ್ಮು!"

ಕೆಮ್ಮಿದಳು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಬರಲಿಲ್ಲ.

ಬರುವುದಾದರೂ ಹೇಗೆ? ಆ ಹಿಂದಿನ ಕೋಣೆಯಲ್ಲಿ ಅವಳು ಕಲಿತದ್ದೇ ಅದನ್ನು. 'ಸದ್ದು ಹೊರಗೆ ಹೋಗ್ಬಾರ್ದು, ಪಕ್ಕದ ಮನೆಯವರಿದ್ದಾರೆ.' ಟವೆಲ್ ಕಚ್ಚಿ ಹಿಡಿದು, ಉಸಿರು ಬಿಗಿದು, ಕೆಮ್ಮನ್ನು ಗಂಟಲಲ್ಲೇ ಹಿಸುಕಿ ಒಳಗೆ ನುಂಗುವುದು. ಕಾಯಿಲೆ ಬಿಟ್ಟು ಹೋದರೂ ಆ ಪಾಠ ಬಿಟ್ಟು ಹೋಗಿರಲಿಲ್ಲ.

ಎರಡನೆಯ ದಿನ, ಮೂರನೆಯ ದಿನ... ಮತ್ತೆ ಎಂಜಲೇ. ಲ್ಯಾಬು ಮೂರನ್ನೂ ತಿರಸ್ಕರಿಸಿತು. ಮುಂದಿನ ವಾರ ಮತ್ತೆ ಕರೆದರು. ಮತ್ತೆ ಅದೇ ಕಥೆ.

ಡಾಕ್ಟರಮ್ಮನ ದನಿ ಈಗ ಬಿಗಿಯಾಗಿತ್ತು. "ನೋಡಮ್ಮ, ವಾಸಿಯಾದ ಕಾಯಿಲೆಗೆ ಯಾರೂ ವೀಸಾ ನಿಲ್ಲಿಸಲ್ಲ. ನಿಲ್ಲಿಸೋದು ಮುಚ್ಚಿಟ್ರೆ. ನಿಮ್ಮ ಎದೆ ಒಂದು ಹೇಳ್ತಿದೆ, ಬಾಯಿ ಒಂದು ಹೇಳ್ತಿದೆ. ಇನ್ನೊಂದೇ ಸಲ ಅವಕಾಶ. ಆಗ್ಲೂ ಕಫ ಕೊಡ್ಲಿಲ್ಲ ಅಂದ್ರೆ, ಪರೀಕ್ಷೆಗೆ ಸಹಕರಿಸ್ಲಿಲ್ಲ ಅಂತ ಬರೆದು ಮುಗಿಸ್ತೀನಿ. ಹಿಂದೆ ಏನಾದ್ರೂ ಇದ್ದಿದ್ರೆ ತಿದ್ದಿ ಬರ್ಕೊಡಿ. ನಿಮ್ಮನ್ನ ಕರೆಸ್ಕೊಳ್ತಿರೋ ಗಂಡನೂ ತನಗೆ ಗೊತ್ತು ಅಂತ ಸಹಿ ಹಾಕ್ಬೇಕು."

ಗಂಡನೂ...

ಹೇಳಿದರೆ ಅವನು ಉಳಿಯುವನೋ ಇಲ್ಲವೋ. ಹೇಳದಿದ್ದರೆ ಅವನ ಹತ್ತಿರ ಹೋಗುವ ಬಾಗಿಲೇ ಮುಚ್ಚುತ್ತದೆ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ ತಾನೇ?

ಅವನ ಸಹನೆಯೂ ಅದೇ ವಾರ ಕಟ್ಟೆಯೊಡೆಯಿತು.

"ಇಷ್ಟು ದಿನ ಯಾವ ಮೆಷಿನ್ ಕೆಟ್ಟಿರತ್ತೆ ಹೇಳು! ನಾನು ದಿನಾ ಮೆಷಿನ್ ಬಿಚ್ಚೋನು ಕಣೇ. ಮೊದ್ಲು ಮೆಷಿನ್ ಅಂದೆ, ಆಮೇಲೆ ಡಾಕ್ಟ್ರು ರಜೆ ಅಂದೆ, ಈಗ ನಿಂಗೇ ಹುಷಾರಿಲ್ಲ ಅಂತೀಯ."

"ಅದು..."

"ಬರೋಕೆ ಇಷ್ಟ ಇಲ್ಲ, ಅಲ್ವಾ? ಹೊರಟ ದಿನವೇ ನಂಗನ್ನಿಸ್ತು. ಬರ್ತೀಯ ತಾನೇ ಅಂದ್ರೆ ಬಾಯೇ ಬಿಡ್ಲಿಲ್ಲ ನೀನು. ಇಷ್ಟ ಇಲ್ಲದಿದ್ರೆ ನೇರವಾಗಿ ಹೇಳು. ಅರ್ಜಿ ವಾಪಸ್ ತಗೋತೀನಿ. ನಿಂಗೂ ಹಿಂಸೆ ಬೇಡ, ನಂಗೂ ಬೇಡ."

ಅಯ್ಯೋ, ನಿಮ್ಮ ಹತ್ತಿರ ಬರೋಕೇ ಅಲ್ವಾ ಈ ಪಾಡು! ಎಂದು ಅವಳ ಒಳಗೆಲ್ಲ ಕೂಗುತ್ತಿತ್ತು. ಆದರೆ ನಾಚಿಕೆ ಎನ್ನುವುದು ಪ್ರೀತಿಗಿಂತ ಮೊದಲು ಬಾಯಿಗೆ ಬರುತ್ತದೆ.

"ಹಾಗಾದ್ರೆ... ವಾಪಸ್ ತಗೊಳ್ಳಿ."

ಆ ಕಡೆ ಫೋನು ಕಟ್ಟಾಯಿತು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹೋಗ್ಲಿ ಬಿಡು ಮಗಳೇ," ಎಂದರು ಮೆಲ್ಲಗೆ. "ವಿಷಯ ಹೊರಗೆ ಬೀಳ್ಲಿಲ್ಲ. ಅಕ್ಕನ ಸಂಸಾರವೂ ಉಳೀತು. ನೀನೂ ನನ್ನ ಕಣ್ಮುಂದೆ ಇರ್ತೀಯ."

ಅವಳು ಹಾಗೇ ಅಮ್ಮನನ್ನು ದಿಟ್ಟಿಸಿದಳು.

"ಅಕ್ಕನ ಸಂಸಾರ ಉಳೀತು. ನನ್ನ ಸಂಸಾರ ಅಮ್ಮಾ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ನಂಗೆ ಕೆಮ್ಮೋಕೂ ಬರಲ್ಲ ಅಮ್ಮಾ! ಆಸ್ಪತ್ರೇಲಿ ನಿಂತು ಕೆಮ್ಮೋಕೆ ಹೋದ್ರೆ ನಿನ್ನ ಕೈ ನನ್ನ ಬಾಯಿ ಮೇಲಿರೋ ಹಾಗೆ ಆಗತ್ತೆ. ಕಾಯಿಲೆ ಅಲ್ವಾ ಅದು? ನಾನೇನು ಕದ್ದಿದ್ನಾ? ಓಡಿ ಹೋಗಿದ್ನಾ?"

ಹುಟ್ಟಿದಾಗಿನಿಂದ ಅಮ್ಮನಿಗೆ ಎದುರು ಮಾತಾಡದವಳು. ಹೇಳಿ ಮುಗಿಸಿ, ಗೋಡೆಗೊರಗಿ ಕುಸಿದು ಕೂತಳು. ಅಮ್ಮ ಹತ್ತಿರ ಬರಲಿಲ್ಲ. ಒಲೆಯ ಮುಂದೆ ಹೋಗಿ, ಕುದಿದು ಉಕ್ಕಿದ ಟೀಯನ್ನು ಒರೆಸುತ್ತ ಬಹಳ ಹೊತ್ತು ನಿಂತರು.

ಮರುದಿನ ಮಧ್ಯಾಹ್ನ ಅವಳೇ ಅವನಿಗೆ ಫೋನ್ ಮಾಡಿದಳು. ಎಲ್ಲ ಹೇಳಿದಳು. ರಕ್ತ, ಚಿಕ್ಕಮ್ಮನ ಮನೆ, ಮಾತ್ರೆ, ಸುಟ್ಟ ಚೀಟಿ, ನರ್ಸಿಗೆ ಹೇಳಿದ ಸುಳ್ಳು, ಅವನಿಗೆ ಹೇಳಿದ ಸುಳ್ಳು... ಒಂದನ್ನೂ ಬಿಡಲಿಲ್ಲ.

"ಮದುವೆಗೆ ಮುಂಚೆ ಹೇಳ್ಬೇಕಿತ್ತು. ನಿಮ್ಮನ್ನ ಕಳ್ಕೋತೀನಿ ಅಂತ ಹೇಳ್ಲಿಲ್ಲ. ತಪ್ಪು ನಂದೇ. ಈಗ ಅರ್ಜಿ ವಾಪಸ್ ತಗೊಂಡ್ರೂ ನಾನು ಬೇಜಾರು ಮಾಡ್ಕೊಳಲ್ಲ."

ಆ ಕಡೆ ಯಾವುದೋ ಕಟ್ಟಡದ ಲಿಫ್ಟು ಏರುವ ಗುಂಯ್ ಸದ್ದು.

"ಆಮೇಲೆ ಮಾತಾಡ್ತೀನಿ," ಎಂದ. ಅಷ್ಟೇ.

ಆ 'ಆಮೇಲೆ' ಬರಲಿಲ್ಲ. ಒಂದು ದಿನ ಕಳೆಯಿತು, ಇನ್ನೊಂದು ಕಳೆಯಿತು, ವಾರವೂ ಕಳೆಯಿತು. ಅವಳು ಸ್ಟುಡಿಯೋದಲ್ಲಿ ಬಂದವರಿಗೆಲ್ಲ ಬಿಳಿ ಗೋಡೆಯ ಮುಂದೆ ಗಲ್ಲ ಎತ್ತಿಸಿ ಫೋಟೊ ತೆಗೆದಳು. ಪರದೇಶಕ್ಕೆ ಹೊರಟ ಮುಖಗಳು. ನಗಬೇಡಿ ಎಂದು ಹೇಳಲು ಮಾತ್ರ ಅವಳಿಗೆ ದನಿ ಏಳುತ್ತಿರಲಿಲ್ಲ.

ಆಯಿತು, ಅವನಿಗೆ ಅಸಹ್ಯವಾಗಿದೆ. ಪಕ್ಕದಲ್ಲಿ ಮಲಗಿದ್ದನ್ನು ನೆನೆಸಿಕೊಂಡರೂ ಅವನಿಗೆ ಮೈ ಜುಮ್ಮೆನ್ನುತ್ತಿರಬೇಕು... ಹೀಗೆಲ್ಲ ಯೋಚಿಸಿ ಯೋಚಿಸಿ ಅವಳು ಅರ್ಧವಾದಳು.

ಆದರೂ ತಿದ್ದಿದ ಹೇಳಿಕೆಯನ್ನು, ಗಂಡನ ಸಹಿಯ ಜಾಗ ಖಾಲಿ ಬಿಟ್ಟು, ಡಾಕ್ಟರಮ್ಮನಿಗೆ ಬರೆದುಕೊಟ್ಟಳು. ವೀಸಾ ಸಿಗಲಿ, ಬಿಡಲಿ. ಇನ್ನು ಸುಳ್ಳು ಸಾಕಾಗಿತ್ತು.

ಕೊನೆಯ ಅವಕಾಶದ ಮೊದಲ ದಿನ ಬಂತು. ಮೋಡ ಕವಿದ ಬೆಳಗ್ಗೆ. ಅಮ್ಮ ಕರೆಯದೆಯೇ ಚಪ್ಪಲಿ ಮೆಟ್ಟಿ ಹೊರಟರು. ಆಸ್ಪತ್ರೆಯ ಪಕ್ಕದ ಓಣಿಯಲ್ಲಿ ತಿರುಗಿ ಹಿಂದಿನ ಗೇಟಿಗೆ ಬಂದಾಗ, ಹಳದಿ ಹಗ್ಗದ ಹತ್ತಿರ ಚೀಲ ಇಟ್ಟುಕೊಂಡು ಒಬ್ಬ ನಿಂತಿದ್ದ.

ಅವಳ ಕಾಲು ಅಲ್ಲೇ ನಿಂತಿತು.

ಗಡ್ಡ ಬಿಟ್ಟಿದ್ದ. ಅಂಗಿ ಪ್ರಯಾಣದಲ್ಲಿ ಮುದುರಿತ್ತು. ಕಣ್ಣು ಕೆಂಪಗಿತ್ತು. ಅವನೇ!

"ನೀವು... ಇಲ್ಲಿ..."

"ಅತ್ತೆ ಫೋನ್ ಮಾಡಿದ್ರು," ಎಂದ. "ಮಾತಿಗಿಂತ ಅಳುನೇ ಜಾಸ್ತಿ. ಇಲ್ಲ ಅನ್ನು ಅಂತ ಹೇಳ್ಕೊಟ್ಟಿದ್ದು ನಾನೇ, ಅವಳನ್ನ ಬಯ್ಯಬೇಡಪ್ಪ ಅಂದ್ರು. ಇವತ್ತಿಂದ ಕೊನೇ ಅವಕಾಶ ಅಂತಲೂ ಹೇಳಿದ್ರು. ರಜೆ ಕೇಳಿ ಬಂದೆ."

ಅವಳು ತಿರುಗಿ ನೋಡಿದಳು. ಅಮ್ಮ ಗೇಟಿನಾಚೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

"ಹಾಗಾದ್ರೆ ಇಷ್ಟು ದಿನ ಯಾಕೆ ಒಂದು ಫೋನೂ ಮಾಡ್ಲಿಲ್ಲ?"

"ನಾನೂ ಒಂದು ಎಕ್ಸ್‌ರೇ ತೆಗೆಸ್ದೆ. ನೀನು ಹೇಳಿದ ಮರುದಿನವೇ. ಹೆದರ್ಕೊಂಡುಬಿಟ್ಟಿದ್ದೆ. ಏನೂ ಇಲ್ಲ ಅಂದ್ರು. ಆಮೇಲೆ ನಿಂಗೆ ಫೋನ್ ಮಾಡೋಕೆ ಮುಖ ಇರ್ಲಿಲ್ಲ. ಹೆಂಡ್ತಿ ಎಲ್ಲ ಬಿಚ್ಚಿ ಹೇಳ್ಕೊಂಡ್ರೆ, ಗಂಡ ತನ್ನ ಎದೆ ನೋಡ್ಕೊಳ್ಳೋಕೆ ಓಡಿದ. ಏನಂತ ಹೇಳ್ಲಿ?"

ಅದನ್ನು ಕೇಳಿ ಅವಳಿಗೆ ನೋವಾಯಿತು. ನಿಜವಾಗಿ ನೋವಾಯಿತು. ಆದರೆ ಅವನು ಅದನ್ನು ಮುಚ್ಚಿಡಲಿಲ್ಲವಲ್ಲ ಎಂಬ ಸಮಾಧಾನವೂ ಆ ನೋವಿನ ಜೊತೆಗೇ ಬಂತು.

"ಸಿಟ್ಟಿಲ್ವಾ?"

"ಇದೆ. ಕಾಯಿಲೆ ಬಂದಿದ್ದಕ್ಕಲ್ಲ. ಎರಡು ವರ್ಷ ಜೊತೇಲಿದ್ವಿ, ನೀನು ಕೆಮ್ಮಿದ್ದನ್ನ ನಾನು ಒಂದ್ಸಲಾನೂ ಕೇಳಿಲ್ಲ. ಶೀತ ಆದ್ರೂ ಬಚ್ಚಲಿಗೆ ಹೋಗಿ ನಲ್ಲಿ ಬಿಡ್ತಿದ್ದೆ. ನಾನು ಹೊರಗಿಂದ, ನೀರು ಯಾಕೆ ಪೋಲು ಮಾಡ್ತೀಯ ಅಂತ ಕೂಗ್ತಿದ್ದೆ." ಅವನ ದನಿ ಒಡೆಯಿತು. "ಗಂಡನ ಮನೇಲಿ ಕೆಮ್ಮೋಕೂ ಹೆದರ್ಕೊಂಡು ಬದುಕಿದೀಯಲ್ಲೇ..."

ಅವಳು ಬಾಯಿ ಮುಚ್ಚಿಕೊಂಡು ಅತ್ತಳು. ಅಳುವುದೂ ಸದ್ದಿಲ್ಲದೆಯೇ!

"ಯಾರಮ್ಮ, ಬನ್ನಿ ಬನ್ನಿ! ಲ್ಯಾಬ್‌ನವರು ಕಾಯ್ತಿದಾರೆ!" ನರ್ಸು ಡಬ್ಬಿ ಚಾಚಿದಳು. "ಸಾರ್, ನೀವು ಹಗ್ಗದ ಈಚೆನೇ ಇರ್ಬೇಕು."

ಅವಳು ಶೆಡ್ಡಿನೊಳಗೆ ಹೋಗಿ ನಿಂತಳು. ಉಸಿರು ಎಳೆದಳು. ಕೆಮ್ಮಿದಳು. ಗಂಟಲು ಅಭ್ಯಾಸದಂತೆ ಮುಚ್ಚಿಕೊಂಡಿತು. ಮತ್ತೊಮ್ಮೆ. ಏನೂ ಇಲ್ಲ.

"ಆಗಲ್ಲ ಕಣ್ರೀ... ನನ್ನ ಕೈಲಿ ಆಗಲ್ಲ!"

"ಇನ್ನೊಂದ್ಸಲ."

"ಓಣೀಲಿ ಜನ ಇದಾರೆ..."

"ಇರ್ಲಿ. ಕೇಳಿಸ್ಕೊಳ್ಳಲಿ."

ಆಗ ಗೇಟಿನ ಕಡೆಯಿಂದ ಇನ್ನೊಂದು ದನಿ ಬಂತು. ಅಮ್ಮ ಹಗ್ಗದವರೆಗೆ ನಡೆದು ಬಂದು, ಅಳಿಯನ ಪಕ್ಕ ನಿಂತಿದ್ದರು.

"ಜೋರಾಗಿ ಕೆಮ್ಮು ಮಗಳೇ! ಎಲ್ಲರಿಗೂ ಕೇಳ್ಲಿ. ನಾನಿದೀನಿ, ಕೆಮ್ಮು!"

ಅವಳು ಕಣ್ಣು ಮುಚ್ಚಿದಳು. ಎರಡು ಕೈಯಲ್ಲೂ ಡಬ್ಬಿ ಹಿಡಿದು ಬಗ್ಗಿದಳು.

ಬಂತು. ಹೊಟ್ಟೆಯ ತಳದಿಂದ, ಪಕ್ಕೆಲುಬು ಅಲುಗಾಡಿಸುತ್ತ, ಒರಟಾಗಿ, ದೊಡ್ಡದಾಗಿ ಬಂತು. ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮತ್ತೆ ಕೆಮ್ಮಿದಳು. ಮತ್ತೆ. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಎಷ್ಟು ವರ್ಷಗಳದ್ದೋ ಏನೋ.

ನರ್ಸು ಡಬ್ಬಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಹಾಂ, ಇದು! ನಾಳೆ, ನಾಡಿದ್ದೂ ಹೀಗೇ ಬೇಕು."

ಅವಳು ಸುಸ್ತಾಗಿ, ಬಾಯಿ ಒರೆಸಿಕೊಂಡು, ಕೈ ತೊಳೆದು ಹೊರಗೆ ಬಂದಳು. ಫಲಿತಾಂಶಕ್ಕೆ ಇನ್ನೂ ಎರಡು ತಿಂಗಳು. ಆಮೇಲೂ ವೀಸಾ ಅಧಿಕಾರಿ, ಅವಳು ಮೊದಲು ಹೇಳಿದ ಸುಳ್ಳನ್ನು ಕ್ಷಮಿಸುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗಂಡನ ರಜೆ ಅಷ್ಟರೊಳಗೆ ಮುಗಿಯುತ್ತದೆ. ಅವನು ಮತ್ತೆ ಹೋಗಲೇಬೇಕು.

ಹಗ್ಗ ದಾಟಿ ಎರಡು ಹೆಜ್ಜೆ ದೂರದಲ್ಲೇ ನಿಂತಳು. ಹತ್ತಿರ ಹೋಗಲು ಇನ್ನೂ ಸಂಕೋಚ.

"ಈಗ ಕೇಳಿದ್ರಲ್ಲ... ಹೆದರಿಕೆ ಆಗಲ್ವಾ?"

"ಆಗತ್ತೆ. ಹತ್ತನೇ ಮಹಡೀಲಿ ತಂತಿಗೆ ನೇತಾಡೋವಾಗಲೂ ಆಗತ್ತೆ. ಅದಕ್ಕೆ ಕೆಲಸ ಬಿಟ್ಟಿದೀನಾ?"

ಆ ಎರಡು ಹೆಜ್ಜೆಯನ್ನು ಅವನೇ ನಡೆದು ಬಂದು ಅವಳ ಒದ್ದೆ ಕೈ ಹಿಡಿದುಕೊಂಡ.

"ಅವರು ಇಲ್ಲ ಅಂದ್ಬಿಟ್ರೆ?"

"ಇವತ್ತೇ ನನ್ನ ಸಹಿನೂ ಹಾಕ್ತೀನಿ. ಆದ್ರೂ ಇಲ್ಲ ಅಂದ್ರೆ ಮತ್ತೆ ಫೈಲ್ ಹಾಕೋಣ. ನೀನು ಮಾತ್ರ ಒಂದು ಹೇಳು. ಬಾಯಿಬಿಟ್ಟು ಹೇಳು. ಬರ್ತೀಯಾ?"

"ಬರ್ತೀನಿ," ಎಂದಳು. ಕೆಮ್ಮಿ ಕೆಮ್ಮಿ ದನಿ ಒಡೆದು ಹೋಗಿತ್ತು. ಅದಕ್ಕೇ ಇನ್ನೊಮ್ಮೆ ಹೇಳಿದಳು. "ಬರ್ತೀನಿ ರೀ."

"ಸರಿ. ನಡಿ, ಮನೆಗೆ ಹೋಗೋಣ."

"ಯಾವ ಮನೆಗೆ?"

"ಈಗ ಅತ್ತೆ ಮನೆಗೆ. ಆಮೇಲಿಂದು ಆಮೇಲೆ."